ಮಲ್ಲಿಗೆ ತೋಟದ ಕಮ್ಮಟ



ಬೇಸಾಯ ಮತ್ತು ಕೈಕಸುಬು ಎರಡನ್ನೂ ಮುಟ್ಟುವ ವಿಷಯ ಇರಲಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಂಕರಪುರ ಮಲ್ಲಿಗೆ. ಇಲ್ಲಿ ಗಿಡ ಬೆಳೆಸುವುದು ಅರ್ಧ ಕೆಲಸ, ಹೂ ಕಟ್ಟುವುದು ಉಳಿದರ್ಧ. ಎರಡೂ ಒಂದೇ ಮನೆಯಲ್ಲಿ, ಹೆಚ್ಚಾಗಿ ಒಂದೇ ಜೋಡಿ ಕೈಗಳಲ್ಲಿ ನಡೆಯುತ್ತವೆ. ಬೆಳಿಗ್ಗೆ ರೈತಳಾಗಿ ಗಿಡದ ಮುಂದೆ ನಿಂತವಳು ಎರಡು ಗಂಟೆ ಕಳೆಯುವುದರೊಳಗೆ ಜಗಲಿಯಲ್ಲಿ ಕುಶಲಕರ್ಮಿಯಾಗಿ ಕೂತಿರುತ್ತಾಳೆ. ಈ ವಿದ್ಯೆಯನ್ನು ಮುಂದಿನವರಿಗೆ ಕಲಿಸುವುದು ಹೇಗೆ, ಕಲಿಸಬೇಕಾದವರು ಯಾರು, ಎಲ್ಲಿ, ಯಾವಾಗ ಎಂಬುದನ್ನೇ ಇವತ್ತು ಮಾತನಾಡುತ್ತೇನೆ.

ದೂರದ ಊರುಗಳಿಂದ ಬಂದವರಿಗಾಗಿ ಸ್ವಲ್ಪ ಹಿನ್ನೆಲೆ. ಉಡುಪಿ ಜಿಲ್ಲೆಯಲ್ಲಿ, ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಶಂಕರಪುರ ಇದೆ. ಇನ್ನಂಜೆ, ಬಂಟಕಲ್ಲು, ಬೆಳ್ಳೆ, ಶಿರ್ವ ಹೀಗೆ ಸುತ್ತಲಿನ ಊರುಗಳಲ್ಲೆಲ್ಲ ಮನೆಯಂಗಳದ ಆಚೆ ಐದು ಸೆಂಟ್ಸು, ಹತ್ತು ಸೆಂಟ್ಸು ಜಾಗದಲ್ಲಿ ಮಲ್ಲಿಗೆ ಗಿಡಗಳಿವೆ. ಎಕರೆಗಟ್ಟಲೆ ತೋಟ ಮಾಡಿದವರು ಕಡಿಮೆ. ಬೆಳೆದವರಲ್ಲಿ ಕ್ರೈಸ್ತ ಕುಟುಂಬಗಳು ಬಹಳ. ಅವರ ಅಂಗಳದ ಹೂವು ಸಂಜೆಯ ಹೊತ್ತಿಗೆ ಭೂತಕೋಲಕ್ಕೆ, ನಾಗಬನಕ್ಕೆ, ಕಾಪುವಿನ ಮಾರಿಪೂಜೆಗೆ, ಯಾರದೋ ಮದುಮಗಳ ಜಡೆಗೆ ತಲುಪುತ್ತದೆ. ಮುಂಬಯಿಯ ತುಳುವರ ಮನೆಗಳಿಗೂ ಹೋಗುತ್ತದೆ. ಈ ಕರಾವಳಿಯ ಜನ ಒಬ್ಬರನ್ನೊಬ್ಬರು ಹೇಗೆ ಅವಲಂಬಿಸಿದ್ದಾರೆ ಎಂದು ತಿಳಿಯಬೇಕಾದವರು ಒಂದು ಚೆಂಡು ಮಲ್ಲಿಗೆ ಹೋಗುವ ದಾರಿಯನ್ನು ಹಿಂಬಾಲಿಸಿದರೆ ಸಾಕು.

ಕರ್ನಾಟಕದ ಮೂರು ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ: ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ. ಶಂಕರಪುರದ್ದು ಉಡುಪಿ ಮಲ್ಲಿಗೆಯ ಹೆಸರಿನಲ್ಲಿ ಬರುತ್ತದೆ. ಸಸ್ಯಶಾಸ್ತ್ರದಲ್ಲಿ ಅದು ಜಾಸ್ಮಿನಮ್ ಸಂಬಾಕ್. ಹಡಗಲಿಯದು ಬೇರೆಯೇ ಪ್ರಭೇದ, ಜಾಸ್ಮಿನಮ್ ಆರಿಕ್ಯುಲೇಟಮ್. ಈ ಮಾನ್ಯತೆಗೆ ಆಧಾರವಾದ ಕಾನೂನು 1999ರದ್ದು, ಜಾರಿಗೆ ಬಂದದ್ದು 2003ರಲ್ಲಿ. ಅದು ಹೆಸರನ್ನು ಕಾಯುತ್ತದೆ, ಬೇರೆ ಊರಿನ ಹೂವನ್ನು ಈ ಹೆಸರಿನಲ್ಲಿ ಮಾರದಂತೆ ತಡೆಯುತ್ತದೆ. ಅದರ ಪ್ರಯೋಜನವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಹೂ ಕಟ್ಟುವ ಕೈ ನಿಂತುಹೋದ ಮೇಲೆ ಉಳಿದ ಹೆಸರಿನಿಂದ ಯಾರಿಗೂ ಊಟ ಸಿಗುವುದಿಲ್ಲ.

ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ. ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಯಾಕೆಂದರೆ ಈ ವಿದ್ಯೆಯನ್ನು ಕಲಿಸುವ ಕಮ್ಮಟ ಹೇಗಿರಬೇಕು ಎಂಬುದನ್ನು ಈ ಕೆಲಸವೇ ತೀರ್ಮಾನಿಸುತ್ತದೆ.

ಈ ಮಲ್ಲಿಗೆ ಅರಳುವುದು ಸಂಜೆ. ಹಾಗಾಗಿ ಇವತ್ತು ಸಂಜೆ ಅರಳಬೇಕಾದ ಮೊಗ್ಗನ್ನು ಇವತ್ತು ಬೆಳಗಿನ ಜಾವವೇ ಗುರುತಿಸಿ ಕೊಯ್ಯಬೇಕು. ಗೊಂಚಲಿನಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳಿರುತ್ತವೆ. ನಡುವಿನದು ಮೊದಲು ಬಲಿಯುತ್ತದೆ, ಪಕ್ಕದವು ಆಮೇಲೆ. ನಡುವಿನದನ್ನು ಕೊಯ್ಯುವಾಗ ಉಗುರು ತಪ್ಪಿದರೆ ಪಕ್ಕದ ಎರಡೂ ಉದುರುತ್ತವೆ, ಅಂದರೆ ನಾಳೆ, ನಾಡಿದ್ದಿನ ಆದಾಯವೂ ಮಣ್ಣಿಗೆ ಬಿತ್ತು ಎಂದೇ ಲೆಕ್ಕ. ಬಲಿತ ಮೊಗ್ಗು ತುಂಬಿಕೊಂಡಿರುತ್ತದೆ, ಹಸಿರು ಛಾಯೆ ಬಿಟ್ಟು ಬೆಳ್ಳಗಾಗಿರುತ್ತದೆ, ಆದರೆ ತುದಿ ಬಿಚ್ಚಿರುವುದಿಲ್ಲ. ಎಳೆಯದನ್ನು ಕಿತ್ತರೆ ಅದು ಅರಳದೆ ಕಂದುತ್ತದೆ. ಬಿಟ್ಟುಬಿಟ್ಟ ಬಲಿತ ಮೊಗ್ಗು ಆ ಸಂಜೆ ಗಿಡದಲ್ಲೇ ಅರಳಿ ಮಾರುಕಟ್ಟೆಗೆ ಇಲ್ಲವಾಗುತ್ತದೆ. ಬೆಳಕು ಪೂರ್ತಿ ಹರಿಯದ ಹೊತ್ತಿನಲ್ಲಿ, ಇಬ್ಬನಿಯಲ್ಲಿ, ಸಾವಿರಾರು ಮೊಗ್ಗುಗಳ ನಡುವೆ ಈ ತೀರ್ಮಾನ ಮಾಡಬೇಕು, ಅದೂ ಪ್ರತಿ ಮೊಗ್ಗಿಗೂ. ಅಭ್ಯಾಸವಾದವರು ನೋಡಿ ತೀರ್ಮಾನಿಸುತ್ತಾರೋ ಮುಟ್ಟಿ ತೀರ್ಮಾನಿಸುತ್ತಾರೋ ಹೇಳುವುದು ಕಷ್ಟ. ಅವರನ್ನೇ ಕೇಳಿದರೆ, ಕೈಗೆ ಗೊತ್ತಾಗುತ್ತದೆ ಎನ್ನುತ್ತಾರೆ.

ಕೊಯ್ದ ಮೊಗ್ಗು ಜಗಲಿಗೆ ಬಂದ ಕೂಡಲೇ ಕಟ್ಟುವ ಕೆಲಸ ಶುರು. ಬೆಂಗಳೂರಿನಲ್ಲಿ ಹೂವನ್ನು ಮೊಳ, ಮಾರಿನ ಅಳತೆಯಲ್ಲಿ ಮಾರುತ್ತಾರೆ. ಉಡುಪಿಯಲ್ಲಿ ಎಣಿಕೆಯ ಲೆಕ್ಕ. ಸುಮಾರು 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಎಂದರೆ ಸುಮಾರು 3,200 ಮೊಗ್ಗು. ಒಂದೊಂದನ್ನೂ ಒಬ್ಬರ ಬೆರಳು ಎತ್ತಿ, ಜೋಡಿಸಿ, ಸುತ್ತು ಹಾಕಿ ಬಿಗಿದಿರುತ್ತದೆ. ಕಟ್ಟುವುದು ಬಾಳೆನಾರಿನಲ್ಲಿ. ಬಾಳೆಯ ಹೊರ ಪದರಗಳನ್ನು ಬಿಡಿಸಿ ಒಣಗಿಸಿ ಇಟ್ಟುಕೊಂಡು, ಕಟ್ಟುವ ಮೊದಲು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಸಣ್ಣ ಎಳೆಗಳಾಗಿ ಸೀಳುತ್ತಾರೆ. ನಾರು ಒಣಗಿದ್ದರೆ ತುಂಡಾಗುತ್ತದೆ, ಅತಿ ನೆನೆದರೆ ಜಾರುತ್ತದೆ. ಸುತ್ತು ಬಿಗಿಯಾದರೆ ತೊಟ್ಟು ಕತ್ತರಿಸುತ್ತದೆ, ಸಡಿಲಾದರೆ ಮುಂಬಯಿಯ ಪ್ರಯಾಣದಲ್ಲಿ ಹೂ ಕಳಚುತ್ತದೆ. ಸಂಜೆ ಮೊಗ್ಗು ಅರಳಿ ದೊಡ್ಡದಾಗುವುದರಿಂದ ಅದಕ್ಕೆ ಬೇಕಾದ ಜಾಗವನ್ನು ಬೆಳಿಗ್ಗೆಯೇ ಬಿಟ್ಟು ಕಟ್ಟಬೇಕು. ಅಂದರೆ ಕಟ್ಟುವವಳು ಕಣ್ಣ ಮುಂದೆ ಇರುವ ಮಾಲೆಯನ್ನು ಕಟ್ಟುತ್ತಿಲ್ಲ, ಹತ್ತು ಗಂಟೆಗಳ ನಂತರ ಅದು ಆಗಲಿರುವ ಮಾಲೆಯನ್ನು ಕಟ್ಟುತ್ತಿದ್ದಾಳೆ. ಇದು ದೊಡ್ಡ ವಿದ್ಯೆ ಎಂದೇ ನಾನು ತಿಳಿದಿದ್ದೇನೆ. ನೆನೆದ ನಾರು ಹೂವಿಗೆ ತಂಪನ್ನೂ ಕೊಡುತ್ತದೆ, ಪೂಜೆ ಮುಗಿದ ಮೇಲೆ ಹೂವಿನೊಂದಿಗೇ ಮಣ್ಣಾಗುತ್ತದೆ. ಕಟ್ಟಿದ್ದನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರೆ ಆ ದಿನದ ಕೆಲಸ ಒಂದು ಹಂತಕ್ಕೆ ಬಂತು. ಇಷ್ಟೂ ಮಧ್ಯಾಹ್ನಕ್ಕೆ ಮುಂಚೆ ಮುಗಿಯಬೇಕು, ಯಾಕೆಂದರೆ ಹೂವು ಕಾಯುವುದಿಲ್ಲ, ಸಾಗಿಸುವ ಗಾಡಿಯೂ ಕಾಯುವುದಿಲ್ಲ.

ಗಿಡದ ಆರೈಕೆಯ ಬಗ್ಗೆ ಇಷ್ಟು ವಿಸ್ತಾರವಾಗಿ ಹೇಳಬೇಕಿಲ್ಲ, ಪುಸ್ತಕಗಳಲ್ಲಿ ಸಾಕಷ್ಟು ಇದೆ. ಎರಡು ಮೂರು ಸಂಗತಿಗಳನ್ನಷ್ಟೇ ಎತ್ತಿಕೊಳ್ಳುತ್ತೇನೆ. ಮಲ್ಲಿಗೆ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದ್ದರಿಂದ ಗಿಡವನ್ನು ಸವರದಿದ್ದರೆ ಮೊಗ್ಗಿಲ್ಲ. ಹೊಸಬರಿಗೆ ಹಸಿರು ಕೊಂಬೆಗೆ ಕತ್ತರಿ ಹಾಕುವ ಧೈರ್ಯವೇ ಬರುವುದಿಲ್ಲ. ಅನುಭವಿಗಳ ಪಕ್ಕದಲ್ಲಿ ನಿಂತು ಒಮ್ಮೆ ಕತ್ತರಿಸಿ, ಕೆಲವು ವಾರ ಬಿಟ್ಟು ಬಂದು ಚಿಗುರನ್ನು ತಾವೇ ಕಂಡಾಗ ಮಾತ್ರ ಆ ಧೈರ್ಯ ಬರುತ್ತದೆ. ಕರಾವಳಿಯ ಮಳೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು. ನೀರು ನಿಂತ ಬುಡ ಕೊಳೆಯುತ್ತದೆ, ಹಾಗಾಗಿ ಜೂನ್ ಬರುವ ಮೊದಲೇ ಬುಡಕ್ಕೆ ಮಣ್ಣು ಏರಿಸಿ ನೀರು ಹರಿದುಹೋಗಲು ಕಣಿ ತೋಡಬೇಕು. ಗೊಬ್ಬರಕ್ಕೆ ನೆಲಗಡಲೆ ಹಿಂಡಿಯನ್ನು ಸೆಗಣಿಯೊಂದಿಗೆ ನೆನೆಹಾಕಿ ಕೊಳೆಸಿ ಎರೆಯುವುದು ಇಲ್ಲಿನ ರೂಢಿ. ಅದು ಹದಕ್ಕೆ ಬಂತೋ ಇಲ್ಲವೋ ಎಂಬುದನ್ನು ಮೂಗಿನಿಂದಲೇ ತಿಳಿಯಬೇಕು.

ಕೀಟದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲುತ್ತೇನೆ. ಮೊಗ್ಗು ಕೊರೆಯುವ ಹುಳು ಒಂದು, ಮೊಗ್ಗಿನ ನುಸಿ ಇನ್ನೊಂದು. ನುಸಿ ಬಿದ್ದ ಮೊಗ್ಗು ನೇರಳೆ ಛಾಯೆಗೆ ತಿರುಗಿ ಕುಗ್ಗುತ್ತದೆ. ಬೇರೆ ಬೆಳೆಗಳಲ್ಲಿ ಔಷಧಿ ಹೊಡೆದ ಮೇಲೆ ಇಷ್ಟು ದಿನ ಬಿಟ್ಟು ಕೊಯ್ಯಿರಿ ಎಂದು ಹೇಳಬಹುದು. ಮಲ್ಲಿಗೆಯನ್ನು ದಿನವೂ ಕೊಯ್ಯುವುದರಿಂದ ಆ ಬಿಡುವೇ ಇಲ್ಲ. ಇವತ್ತು ಸಿಂಪಡಿಸಿದ ಗಿಡದಿಂದ ನಾಳೆ ಬೆಳಿಗ್ಗೆ ಬರಿಗೈಯಲ್ಲಿ ಮೊಗ್ಗು ಕೀಳುವುದು ಮನೆಯ ಹೆಂಗಸು. ಅದೇ ಕೈಯಲ್ಲಿ ಗಂಟೆಗಟ್ಟಲೆ ಕಟ್ಟುವವಳೂ ಅವಳೇ, ಆಮೇಲೆ ಆ ಹೂವನ್ನು ಇನ್ನೊಬ್ಬಳು ತಲೆಗೆ ಮುಡಿಯುತ್ತಾಳೆ. ರೋಗ ಬಿದ್ದ ಮೊಗ್ಗುಗಳನ್ನು ಬೇಗ ಗುರುತಿಸಿ ಆರಿಸಿ ನಾಶಮಾಡುವುದು, ಬುಡದ ಮಣ್ಣನ್ನು ಕೆದಕಿ ಬಿಸಿಲಿಗೆ ಒಡ್ಡುವುದು, ಬೇವಿನ ಹಿಂಡಿ ಹಾಕುವುದು ಇಂಥ ಕ್ರಮಗಳಿಗೆ ಕಮ್ಮಟದಲ್ಲಿ ಮೊದಲ ಸ್ಥಾನ ಸಿಗಬೇಕು. ಯಾವ ಕಮ್ಮಟ ಈ ಮಾತನ್ನು ಎತ್ತದೆ ಬರೀ ಇಳುವರಿಯ ಬಗ್ಗೆ ಹೇಳುತ್ತದೋ ಅದು ಹೆಣ್ಣುಮಕ್ಕಳ ಆರೋಗ್ಯವನ್ನು ಲೆಕ್ಕದಿಂದ ಹೊರಗಿಟ್ಟಿದೆ ಎಂದೇ ಅರ್ಥ.

ಈಗ ತರಬೇತಿಯ ಪ್ರಶ್ನೆ. ಮಾಡಿ ಕಲಿ ಎಂಬ ತತ್ವ ನಮ್ಮ ದೇಶಕ್ಕೆ ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನೇ ಶಿಕ್ಷಣದ ನಡುಮಧ್ಯಕ್ಕೆ ತಂದಿತ್ತು. ಮೋಹನ್ ಸಿಂಗ್ ಮೆಹ್ತಾ ಸಮಿತಿಯ ವರದಿಯ ಮೇಲೆ ರೂಪುಗೊಂಡ ಕೃಷಿ ವಿಜ್ಞಾನ ಕೇಂದ್ರಗಳ ಬುನಾದಿಯೂ ಇದೇ ತತ್ವ. ಮೊದಲ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ನಮ್ಮ ಉಡುಪಿ ಜಿಲ್ಲೆಗೆ ಬ್ರಹ್ಮಾವರದಲ್ಲಿ ಕೇಂದ್ರವಿದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಸ್ವಉದ್ಯೋಗದ ತರಬೇತಿಗೆ ದೇಶಕ್ಕೇ ಮಾದರಿಯಾಯಿತು. ಕಲಿಸುವ ಸಂಸ್ಥೆಗಳ ಕೊರತೆ ನಮಗಿಲ್ಲ.

ಆದರೂ ಮಲ್ಲಿಗೆ ತರಬೇತಿ ಎಂಬ ಹೆಸರಿನಲ್ಲಿ ಹಲವು ಕಡೆ ನಡೆಯುವುದನ್ನು ನೋಡಿ. ಹತ್ತೂವರೆಗೆ ಉದ್ಘಾಟನೆ, ದೀಪ, ಸ್ವಾಗತ, ಪರದೆಯ ಮೇಲೆ ಚಿತ್ರಗಳು, ಊಟ, ಮಧ್ಯಾಹ್ನ ಒಂದು ತೋಟಕ್ಕೆ ಭೇಟಿ, ಪ್ರಮಾಣಪತ್ರ. ಹತ್ತೂವರೆಯ ಹೊತ್ತಿಗೆ ಶಂಕರಪುರದ ಗಿಡಗಳಲ್ಲಿ ಆ ದಿನದ ಮೊಗ್ಗು ಒಂದೂ ಇರುವುದಿಲ್ಲ. ಮಧ್ಯಾಹ್ನದ ಭೇಟಿಯಲ್ಲಿ ಕಲಿಯುವವರು ಕಾಣುವುದು ಖಾಲಿ ಗಿಡ. ಹೂ ಕಟ್ಟುವುದನ್ನಂತೂ ಅಲ್ಲಿ ಯಾರೂ ಕಲಿಸುವುದಿಲ್ಲ. ಅದು ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಎಲ್ಲರೂ ಭಾವಿಸಿದ ಹಾಗಿದೆ. ಹುಟ್ಟಿನಿಂದ ಬರುವುದಲ್ಲ. ಅಜ್ಜಿಯ ಪಕ್ಕದಲ್ಲಿ, ಶಾಲೆಗೆ ಹೋಗುವ ಮುಂಚೆ, ಎಷ್ಟೋ ವರ್ಷಗಳ ಬೆಳಗುಗಳಲ್ಲಿ ಬರುವುದು. ಈಗ ಆ ಮೊಮ್ಮಗಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾಳೆ. ಅವಳು ಹೋದದ್ದು ಸರಿಯೇ, ಅವಳ ಬದುಕು ಅವಳದು. ಆದರೆ ಅಜ್ಜಿಯ ಪಕ್ಕದ ಜಾಗ ಖಾಲಿಯಾಗಿದೆ. ಆ ಜಾಗಕ್ಕೆ ಬೇರೊಬ್ಬ ಕಲಿಯುವವರನ್ನು ಕರೆತಂದು ಕೂರಿಸುವುದೇ ಕಮ್ಮಟದ ಕೆಲಸ.

ಆದ್ದರಿಂದ ನನ್ನ ಮೊದಲ ಒತ್ತಾಯ ಹೊತ್ತಿನ ಬಗ್ಗೆ. ಮಲ್ಲಿಗೆಯ ಕಮ್ಮಟ ಬೆಳಗಿನ ಜಾವ ಐದಕ್ಕೆ ಗಿಡದ ಬುಡದಲ್ಲಿ ಶುರುವಾಗಬೇಕು, ಕಟ್ಟಿದ ಹೂವು ಏಜೆಂಟರ ಕೈಸೇರಿದ ಮೇಲೆ ಮುಗಿಯಬೇಕು. ಕಲಿಯುವವರು ಕಟ್ಟಿದ ಚೆಂಡು ನಿಜವಾದ ಮಾರುಕಟ್ಟೆಗೆ ಹೋಗಬೇಕು. ಎಣಿಕೆ ಕಡಿಮೆಯಾಗಿದ್ದರೆ, ಸುತ್ತು ಸಡಿಲವಾಗಿದ್ದರೆ ವಾಪಸು ಬರಲಿ. ಯಾವ ಪ್ರಮಾಣಪತ್ರವೂ ಅಷ್ಟು ಕಲಿಸುವುದಿಲ್ಲ.

ಎರಡನೆಯದು ಋತು. ಒಂದು ದಿನದಲ್ಲಿ ಮಲ್ಲಿಗೆ ಕಲಿಯಲು ಸಾಧ್ಯವಿಲ್ಲ. ಅದೇ ಗುಂಪು ಮಳೆಗಾಲದಲ್ಲಿ ಬಂದು ಕಡ್ಡಿ ಕತ್ತರಿಸಿ ನೆಡಬೇಕು: ಮೂರು ನಾಲ್ಕು ಗೆಣ್ಣಿರುವ, ಪೂರ್ತಿ ಬಲಿಯದ, ತೀರಾ ಎಳೆಯದೂ ಅಲ್ಲದ ಕಡ್ಡಿ. ಮಳೆ ಹಿಂದೆ ಸರಿದಾಗ ಸವರಲು ಬರಬೇಕು. ಚಳಿಯಲ್ಲಿ ಬರಬೇಕು, ಮೊಗ್ಗು ಕಡಿಮೆಯಾಗಿ ದರ ಏರಿದ ದಿನಗಳ ಆತಂಕವನ್ನು ನೋಡಲಿಕ್ಕೆ. ಮಾರ್ಚ್‌ನಿಂದ ಮೇವರೆಗಿನ ಸುಗ್ಗಿಯಲ್ಲಿ ಬರಬೇಕು, ಮನೆಮಂದಿಯೆಲ್ಲ ಕೂತರೂ ಕಟ್ಟಿ ಮುಗಿಯದಷ್ಟು ಹೂ ಬಂದು ದರ ಕುಸಿಯುವುದನ್ನು ಕಾಣಲಿಕ್ಕೆ. ಈ ಏರಿಳಿತವನ್ನು ಅನುಭವಿಸದೆ ಗಿಡ ನೆಟ್ಟವರು ಎರಡನೆಯ ವರ್ಷಕ್ಕೆ ಕೈಬಿಡುತ್ತಾರೆ.

ದರದ ಲೆಕ್ಕವನ್ನು ಇಲ್ಲಿ ಸರಳವಾಗಿ ಮಾಡಿ ತೋರಿಸುತ್ತೇನೆ. ಅಟ್ಟೆಗೆ 1,600 ರೂಪಾಯಿ ಇದೆ ಎಂದುಕೊಳ್ಳಿ, ಒಂದು ಮೊಗ್ಗಿಗೆ 50 ಪೈಸೆ ಬಂತು. ಅಟ್ಟೆಗೆ 320 ರೂಪಾಯಿಗೆ ಇಳಿದರೆ ಒಂದು ಮೊಗ್ಗಿಗೆ 10 ಪೈಸೆ. ಗಿಡ ಸಾಕಿದ್ದು, ಕೊಯ್ದದ್ದು, ಆರಿಸಿದ್ದು, ನಾರು ಸೀಳಿದ್ದು, ಕಟ್ಟಿದ್ದು ಎಲ್ಲ ಸೇರಿ ಹತ್ತು ಪೈಸೆ. ಹಬ್ಬ, ಮದುವೆಯ ದಿನಗಳಲ್ಲಿ ಅಟ್ಟೆ ಎರಡು ಸಾವಿರ ದಾಟಿದ್ದನ್ನು ಪತ್ರಿಕೆಗಳು ಸುದ್ದಿ ಮಾಡುತ್ತವೆ, ಅದನ್ನು ಓದಿದವರಿಗೆ ಮಲ್ಲಿಗೆ ಬೆಳೆದವರೆಲ್ಲ ಶ್ರೀಮಂತರು ಎನಿಸುತ್ತದೆ. ಇಳಿದ ದಿನಗಳ ಸುದ್ದಿಯನ್ನು ಯಾರೂ ಬರೆಯುವುದಿಲ್ಲ. ಕಮ್ಮಟಕ್ಕೆ ಬಂದವರು ಒಂದು ಮನೆಯ ಇಡೀ ವರ್ಷದ ಹೂವಿನ ಲೆಕ್ಕದ ಪುಸ್ತಕವನ್ನು ಮನೆಯವರ ಒಪ್ಪಿಗೆ ಪಡೆದು ನೋಡಬೇಕು, ಸರಾಸರಿ ಹಾಕಬೇಕು. ಗಣಿತದ ಪಾಠ ಅಲ್ಲೇ ಆಗುತ್ತದೆ.

ಮೂರನೆಯದು, ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು: ಕಲಿಸುವವರು ಯಾರು? ಉಡುಪಿಯಲ್ಲೇ ಇದಕ್ಕೆ ಉತ್ತರವಿದೆ. 1971ರಲ್ಲಿ ಇಲ್ಲಿ ಯಕ್ಷಗಾನ ಕೇಂದ್ರ ಆರಂಭವಾದಾಗ ಹಿರಿಯಡ್ಕ ಗೋಪಾಲರಾಯರು, ಮಟಪಾಡಿ ವೀರಭದ್ರ ನಾಯಕರಂಥ ಮೇಳದ ಕಲಾವಿದರು ಗುರುಗಳಾಗಿ ಕೂತರು. ಅಲ್ಲಿ ಗುರುಸ್ಥಾನಕ್ಕೆ ಬೇಕಾದ ಅರ್ಹತೆ ಅವರ ಕೈಯ ಮದ್ದಳೆ, ಅವರ ಕಾಲಿನ ಹೆಜ್ಜೆ. ಮಲ್ಲಿಗೆಗೂ ಅದೇ ಗೌರವ ಬರಲಿ. ನಲವತ್ತು ವರ್ಷ ಹೂ ಕಟ್ಟಿದ ಅಕ್ಕನನ್ನು ಇಂದಿನ ಕಮ್ಮಟಗಳಲ್ಲಿ ಪ್ರಾತ್ಯಕ್ಷಿಕೆಗೆ ಹತ್ತು ನಿಮಿಷ ಕೂರಿಸಿ, ಫೋಟೋ ತೆಗೆದು, ಒಂದು ಶಾಲು ಹೊದಿಸಿ ಕಳಿಸುತ್ತಾರೆ. ಆ ಹತ್ತು ನಿಮಿಷದಲ್ಲಿ ಅವಳ ಆ ದಿನದ ಹೂವು ಕಟ್ಟದೆ ಉಳಿದಿರುತ್ತದೆ. ಅವಳನ್ನು ಗುರು ಎಂದು ಕರೆಯಿರಿ, ಸಂಪನ್ಮೂಲ ವ್ಯಕ್ತಿಗೆ ಕೊಡುವ ಸಂಭಾವನೆಯನ್ನೇ ಅವಳಿಗೂ ಕೊಡಿ, ಆ ದಿನ ಕೈತಪ್ಪಿದ ಹೂವಿನ ಬೆಲೆಯನ್ನು ಬೇರೆಯಾಗಿ ತುಂಬಿ. ಕೀಟಶಾಸ್ತ್ರ ಗೊತ್ತಿರುವ ವಿಜ್ಞಾನಿ ಅವಳ ಪಕ್ಕದಲ್ಲಿ ಇರಲಿ, ಬೇಡ ಎನ್ನುವುದಿಲ್ಲ. ನೇರಳೆಯಾದ ಮೊಗ್ಗನ್ನು ಸೀಳಿ ಒಳಗಿನ ಮರಿಹುಳುವನ್ನು ಭೂತಗನ್ನಡಿಯಲ್ಲಿ ತೋರಿಸುವ ಕೆಲಸ ಅವರದು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತರೆ ಇಬ್ಬರಿಗೂ ಲಾಭ.

ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣ ಸುಗಂಧದ್ರವ್ಯಕ್ಕೆ ಹೆಸರಾದದ್ದು. ಅಲ್ಲಿ ಬೆಳೆಯುವುದು ಜಾಸ್ಮಿನಮ್ ಗ್ರಾಂಡಿಫ್ಲೋರಮ್, ಅಂದರೆ ನಮ್ಮ ಮನೆಗಳ ಜಾಜಿ. 2018ರಲ್ಲಿ ಯುನೆಸ್ಕೋ ಆ ಪ್ರದೇಶದ ವಿದ್ಯೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಗಮನಿಸಬೇಕಾದ್ದು, ಸುಗಂಧವನ್ನು ಸಂಯೋಜಿಸುವ ಕಲೆಯ ಜೊತೆಗೆ ಹೂ ಬೆಳೆಯುವ ವಿದ್ಯೆಯೂ ಆ ಮಾನ್ಯತೆಯಲ್ಲಿ ಹೆಸರಿಸಲ್ಪಟ್ಟಿದೆ. ತೋಟದ ಕೈಗೂ ಪ್ರಯೋಗಾಲಯದ ಮೂಗಿಗೂ ಸಮಾನ ಸ್ಥಾನ ಸಿಕ್ಕಿತು. ನಮ್ಮ ಜಗಲಿಯಲ್ಲಿ ಕೂತವಳಿಗೆ ಆ ಸ್ಥಾನ ಕೊಡಲು ನಾವು ಯುನೆಸ್ಕೋಗೆ ಕಾಯಬೇಕಿಲ್ಲ.

ಪ್ರವಾಸಿಗರಿಗಾಗಿ ನಡೆಸುವ ಅರ್ಧ ದಿನದ ಹೂ ಕಟ್ಟುವ ಶಿಬಿರಗಳ ಬಗ್ಗೆ ಕೆಲವರು ನನ್ನನ್ನು ಕೇಳಿದ್ದಾರೆ. ನಡೆಯಲಿ. ನಗರದ ಮಗು ಒಮ್ಮೆ ಬಾಳೆನಾರು ಹಿಡಿದು ಇಪ್ಪತ್ತು ಮೊಗ್ಗು ಕಟ್ಟಲು ಹೆಣಗಿದರೆ, ಮುಂದೆ ಅಂಗಡಿಯಲ್ಲಿ ಚೆಂಡಿನ ಬೆಲೆಗೆ ಚೌಕಾಸಿ ಮಾಡುವ ಮುನ್ನ ಯೋಚಿಸುತ್ತದೆ. ಅದನ್ನು ಪರಿಚಯ ಎಂದು ಕರೆದರೆ ಸಾಕು, ತರಬೇತಿ ಎನ್ನಬಾರದು. ಮನೆಯವರು ಕೆಲಸ ಮಾಡುವ ಹೊತ್ತಿನಲ್ಲಿ ಐವತ್ತು ಜನ ಕ್ಯಾಮೆರಾ ಹಿಡಿದು ಅಂಗಳಕ್ಕೆ ನುಗ್ಗುವುದೂ ಬೇಡ. ಒಂದು ಜಗಲಿಗೆ ಐದಾರು ಮಂದಿ, ಅದಕ್ಕಿಂತ ಹೆಚ್ಚು ಆದರೆ ಯಾರ ಬೆರಳು ಯಾರಿಗೂ ಕಾಣಿಸುವುದಿಲ್ಲ.

ಇನ್ನೊಂದು ಬೆಳವಣಿಗೆ ನನಗೆ ತುಂಬ ಭರವಸೆ ಕೊಡುತ್ತಿದೆ: ತಾರಸಿಯ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಯುವುದು. ಉಡುಪಿ, ಮಂಗಳೂರುಗಳಲ್ಲಿ ಜಮೀನಿಲ್ಲದವರೂ ಮನೆಯ ಮೇಲೆ ಗಿಡಗಳನ್ನಿಟ್ಟು ಹೂ ಕೊಯ್ಯುತ್ತಿದ್ದಾರೆ. ಬಿಸಿಲು ಧಾರಾಳ, ನೀರು ನಿಲ್ಲುವ ಭಯ ಕಡಿಮೆ, ಮೊಗ್ಗು ಕೈಗೆಟುಕುವ ಎತ್ತರದಲ್ಲಿದೆ. ಆದರೆ ತಾರಸಿಯಲ್ಲಿ ಬೆಳೆದವರಲ್ಲಿ ಬಹಳ ಮಂದಿಗೆ ಕಟ್ಟುವುದು ಬರುವುದಿಲ್ಲ, ಕಟ್ಟದ ಹೂವಿಗೆ ಬೆಲೆ ಕಡಿಮೆ. ಇವರನ್ನೂ ಶಂಕರಪುರದ ಹಿರಿಯ ಹೆಂಗಸರನ್ನೂ ಒಂದೆಡೆ ಸೇರಿಸುವ ಕಮ್ಮಟಕ್ಕೆ ದೊಡ್ಡ ಹಣ ಬೇಡ. ಒಂದು ಜಗಲಿ, ನೆನೆಸಿದ ನಾರು, ಒಂದು ಬುಟ್ಟಿ ಮೊಗ್ಗು, ಗುರುವಿನ ಸಂಭಾವನೆ ಇಷ್ಟಿದ್ದರೆ ಸಾಕು. ಗಂಡಸರೂ ಕಲಿಯಲಿ. ನಾರು ಹಿಡಿಯಲು ಬೇಕಾದದ್ದು ಬೆರಳು ಮತ್ತು ತಾಳ್ಮೆ, ಅವೆರಡೂ ಎಲ್ಲರಿಗೂ ಇವೆ.

ಶಾಲೆಗಳ ಮುಖ್ಯಸ್ಥರು ಈ ಸಭೆಯಲ್ಲಿ ಇದ್ದೀರಿ. ವರ್ಷಕ್ಕೆ ನಾಲ್ಕು ಶನಿವಾರದ ಬೆಳಗುಗಳನ್ನು, ಋತುವಿಗೊಂದರಂತೆ, ಹತ್ತಿರದ ಒಂದು ಮಲ್ಲಿಗೆ ಮನೆಗೆ ಮೀಸಲಿಡಿ. ಶಾಲೆಯ ಬದಿಯಲ್ಲಿ ಹತ್ತು ಗಿಡ ನೆಡಿಸಿ, ಎರಡು ಬಾಳೆಯನ್ನೂ ನೆಡಿಸಿ, ನಾರು ಅಲ್ಲೇ ಸಿಗಲಿ. ಹಡಗಲಿಯಲ್ಲಿ, ಮೈಸೂರಿನಲ್ಲಿ, ಭಟ್ಕಳದಲ್ಲಿ ಇರುವವರು ನಿಮ್ಮ ಊರಿನ ಮಲ್ಲಿಗೆಗೆ ನಿಮ್ಮ ಊರಿನ ಕಟ್ಟುವ ಪದ್ಧತಿಯಲ್ಲೇ ಇದನ್ನು ಮಾಡಿ, ಶಂಕರಪುರದ್ದನ್ನು ನಕಲು ಮಾಡಬೇಡಿ.

ಈ ದತ್ತಿಯನ್ನು ಇಟ್ಟ ಕುಟುಂಬದವರಲ್ಲಿ ಮತ್ತು ಸಂಘಟಕರಲ್ಲಿ ನನ್ನದೊಂದು ಬಿನ್ನಹ. ಮುಂದಿನ ವರ್ಷದ ಈ ಉಪನ್ಯಾಸವನ್ನು ಶಂಕರಪುರದ ಆಸುಪಾಸಿನ ಒಂದು ಮಲ್ಲಿಗೆ ತೋಟದಲ್ಲಿ, ಬೆಳಿಗ್ಗೆ ಐದು ಗಂಟೆಗೆ ಇಡಿ. ಹೂ ಕಟ್ಟುವ ಒಬ್ಬ ಹಿರಿಯ ಮಹಿಳೆಯನ್ನು ಉಪನ್ಯಾಸಕರಾಗಿ ಕರೆಯಿರಿ, ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರನ್ನು ಎಲ್ಲರಿಗಿಂತ ಮೇಲೆ ಅಚ್ಚು ಹಾಕಿಸಿ, ಇವತ್ತು ನನಗೆ ಕೊಡುತ್ತಿರುವ ಸಂಭಾವನೆಯನ್ನು ಅವರಿಗೂ ಕೊಡಿ. ಕೇಳುಗರ ಸಾಲಿನಲ್ಲಿ ಕೂರಲು ನಾನು ಬರುತ್ತೇನೆ, ನೀವೂ ಬನ್ನಿ.